ತೊಟ್ಟಿಯಲ್ಲಿ ಏಳದ ಗುಳ್ಳೆ

ಅವನನ್ನು ಎಲ್ಲರೂ ಆಯ್ತಣ್ಣ ಎಂದೇ ಕರೆಯುತ್ತಿದ್ದರು. ಯಾರು ಎಂಥ ಮುರುಕಲು ಸಾಮಾನು ತಂದು ಮುಂದಿಟ್ಟರೂ ಅವನ ಬಾಯಿಂದ ಮೊದಲು ಬರುತ್ತಿದ್ದುದು, "ಆಯ್ತು ಬಿಡಿ, ಮಾಡೋಣ" ಎಂಬ ಮಾತು. ಲೋಹ ಕರಗಿಸಿ ಎರಕ ಹೊಯ್ಯುವುದು ಅವನ ಕಸುಬು. ತಗಡಿನ ಶೆಡ್ಡು, ಒಂದು ಕುಲುಮೆ, ಮೂಲೆಯಲ್ಲಿ ಕಪ್ಪು ಮರಳಿನ ಗುಡ್ಡೆ. ಕೆಲಸಗಾರ ಒಳ್ಳೆಯವನೇ. ಆದರೆ ಮನಸ್ಸಿದ್ದರೆ ಮಾತ್ರ.

ಹಲ್ಲಿನ ಡಾಕ್ಟರಮ್ಮ ಜೀವಮಾನವಿಡೀ ಬೇರೆಯವರ ಬಾಯಿ ನೋಡಿ ಸಾಕಾಗಿ, ಕೆಲಸ ಬಿಟ್ಟ ಮೇಲೆ ಒಂದು ಹಳೇ ಕಾರಿಗೆ ಕೈ ಹಾಕಿದ್ದರು. ಅವರ ತಂದೆಗಿಂತಲೂ ಹಳೆಯ ಕಾರು. ಯಾರದೋ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಮನೆಯಾಗಿದ್ದುದನ್ನು ಎತ್ತಿ ತಂದು, ಬಣ್ಣ ಬಳಿಸಿ, ಸೀಟು ಹೊಲಿಸಿ ಮದುಮಗಳ ಹಾಗೆ ಮಾಡಿದ್ದರು. ಎಂಜಿನ್ನಿನ ತಲೆಯಿಂದ ಬಿಸಿನೀರನ್ನು ರೇಡಿಯೇಟರಿಗೆ ಒಯ್ಯುವ, ಮೊಣಕೈಯಂತೆ ಬಾಗಿದ ಒಂದು ಪೈಪು ಮಾತ್ರ ತುಕ್ಕು ತಿಂದು ಜರಡಿಯಾಗಿತ್ತು. ಅಂಗಡಿಯಲ್ಲಿ ಸಿಗುವ ಮಾಲಲ್ಲ ಅದು.

"ಪೂರ್ತಿ ಹುಳುಕು. ತುಂಬಿದ್ರೆ ನಿಲ್ಲಲ್ಲ, ಹೊಸದೇ ಕಟ್ಟಬೇಕು" ಎಂದು ಡಾಕ್ಟರಮ್ಮ ಅದನ್ನು ಅವನ ಕೈಗಿಟ್ಟರು. "ಮುಂದಿನ ಭಾನುವಾರ ಹಳೇ ಕಾರುಗಳ ಮೆರವಣಿಗೆ ಇದೆ. ರೇಡಿಯೇಟರ್ ನಿಮ್ಮ ಭಾವನ ಹತ್ತಿರ ರಿಪೇರಿಗೆ ಕೊಟ್ಟಿದ್ದೀನಿ."

"ಆಯ್ತು ಬಿಡಿ" ಎಂದ ಆಯ್ತಣ್ಣ.

ಭಾವ ಎಂದರೆ ಅಕ್ಕನ ಗಂಡ. ರೇಡಿಯೇಟರಿಗೆ ಬೆಸುಗೆ ಹಾಕುವುದರಲ್ಲಿ ಹೆಸರು ಮಾಡಿದವರು. ಅಪ್ಪ ತೀರಿಕೊಂಡಾಗ ಬೀದಿ ಅಲೆಯುತ್ತಿದ್ದ ಇವನನ್ನು ಕರೆದು ಕೈಗೆ ಸುತ್ತಿಗೆ ಕೊಟ್ಟವರೂ ಅವರೇ. ಈಚೆಗೆ ಅವರ ಕೈ ಸ್ವಲ್ಪ ನಡುಗುತ್ತಿತ್ತು. ಬೆಸುಗೆ ಕೋಲು ಹಿಡಿದಾಗ ಮಾತ್ರ ನಡುಕ ನಿಲ್ಲುತ್ತಿತ್ತು. ಅದನ್ನು ತೋರಿಸಿ ಅವರೇ ನಗುತ್ತಿದ್ದರು. ಆ ಸಂಜೆ ಇವನ ಶೆಡ್ಡಿಗೆ ಬಂದು, ಹಳೇ ಪೈಪನ್ನು ತಿರುಗಿಸಿ ನೋಡಿ, "ಮರದಲ್ಲಿ ಅಚ್ಚು ಕೆತ್ತು, ಕೂದಲೆಳೆ ದೊಡ್ಡದಿರಲಿ. ಆರಿದಾಗ ಲೋಹ ಕುಗ್ಗುತ್ತೆ" ಎಂದರು.

ಇವನಿಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೇಳಿಸಿಕೊಂಡದ್ದಕ್ಕೇ ಮೈ ಉರಿಯಿತು. ಮರ ಕೆತ್ತುತ್ತಾ ಕೂರುವಷ್ಟು ತಾಳ್ಮೆಯೂ ಇರಲಿಲ್ಲ. ಹಳೇ ಪೈಪಿನ ತೂತುಗಳಿಗೆ ಮೇಣ ಮೆತ್ತಿ, ಅದನ್ನೇ ಮರಳಿಗೆ ಒತ್ತಿ ಎರಕ ಹೊಯ್ದ. ಹೊಸ ಪೈಪು ನೋಡಲು ಬೆಳ್ಳಿಯಂತಿತ್ತು. ಎಂಜಿನ್ನಿನ ಮೇಲಿಟ್ಟರೆ ಬೋಲ್ಟಿನ ತೂತುಗಳು ಕೂಡಲಿಲ್ಲ. ಕುಗ್ಗಿತ್ತು. ಬುಡವೂ ಒಂದು ಕಡೆ ಸೊಟ್ಟಗಿತ್ತು. ತೂತುಗಳನ್ನು ಅರದಿಂದ ಉಜ್ಜಿ ಉದ್ದ ಮಾಡಿದ. ಸಂದಿಗೆ ದಪ್ಪನಾಗಿ ಅಂಟು ಬಳಿದು, ಬೋಲ್ಟು ಬಿಗಿದು, ಹೊರಗೆ ಉಕ್ಕಿದ ಅಂಟನ್ನು ಬಟ್ಟೆಯಿಂದ ಒರೆಸಿ ಹಾಕಿದ. ಸಂದಿ ಕಾಣದಂತಾಯಿತು.

ಭಾನುವಾರ ಡಾಕ್ಟರಮ್ಮ ಇಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ರಸ್ತೆ ಬದಿಯ ಮಕ್ಕಳು ಕೈಬೀಸಿದಾಗ ತಾವೂ ಕೈಬೀಸಿದರು. ಸೇತುವೆಯ ಏರು ಹತ್ತುವಷ್ಟರಲ್ಲಿ ಮುಂದಿನಿಂದ ಬುಸ್ಸೆಂದು ಹಬೆ ಎದ್ದಿತು. ಹಿಂದೆ ಬರುತ್ತಿದ್ದ ಕಾರುಗಳು ನಿಂತವು. ಜನ ಇಳಿದು ಸುತ್ತುಗಟ್ಟಿದರು. ಬಾನೆಟ್ ಎತ್ತಿದರೆ ರೇಡಿಯೇಟರಿನ ಮೈಯೆಲ್ಲ ಒದ್ದೆ.

"ಏನ್ರೀ ಇದು? ಬೆಸುಗೆ ಬಿಟ್ಟಿದೆ! ಆಗಲ್ಲ ಅಂದಿದ್ರೆ ಬೇರೆಯವರಿಗೆ ಕೊಡ್ತಿದ್ದೆ" ಎಂದು ಡಾಕ್ಟರಮ್ಮ ಭಾವನ ಮೇಲೆ ಸಿಡುಕಿದರು.

ಭಾವ ಬಗ್ಗಿ ನೋಡಿದರು. "ಇರಬೇಕಮ್ಮ" ಎಂದರು ಮೆಲ್ಲಗೆ.

ಆಯ್ತಣ್ಣನ ಕಣ್ಣು ಬೇರೆ ಕಡೆ ಇತ್ತು. ತನ್ನ ಪೈಪಿನ ಬುಡದಲ್ಲಿ ಒಂದು ಹನಿ ಊದಿ, ತೂಗಿ, ಕೆಳಗಿನ ಫ್ಯಾನಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು. ಸೋರಿದ ನೀರನ್ನೆಲ್ಲ ಫ್ಯಾನು ರೇಡಿಯೇಟರಿಗೆ ಎರಚಿತ್ತು, ಅಷ್ಟೇ. ಬಾಯಿ ತೆರೆದ. ಸುತ್ತ ಅಷ್ಟೊಂದು ಮುಖಗಳು. ಹೊರಬಂದ ಮಾತು ಬೇರೆಯದಾಗಿತ್ತು: "ಹೋಗಲಿ ಬಿಡಿ ಡಾಕ್ಟರೇ. ಭಾವನಿಗೂ ವಯಸ್ಸಾಯ್ತಲ್ಲ, ಕೈ ನಡುಗುತ್ತೆ."

ಯಾರೋ ಕಿಸಕ್ಕನೆ ನಕ್ಕರು. ಭಾವ ಎರಡೂ ಕೈಗಳನ್ನು ಜೇಬಿನೊಳಗೆ ಇಳಿಸಿಕೊಂಡರು.

ಆ ವಾರವೆಲ್ಲ ಆಯ್ತಣ್ಣ ಯಾವ ಕೆಲಸವನ್ನೂ ಮುಗಿಸಲಿಲ್ಲ. ಕುಲುಮೆ ಹಚ್ಚಿದರೂ ಆ ಜೇಬುಗಳೇ ಕಣ್ಣಿಗೆ ಕಟ್ಟುತ್ತಿದ್ದವು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಬಂದಾಗ, ಈಗ ಹೇಳಿ ಏನು ಪ್ರಯೋಜನ ಎಂದುಕೊಂಡ. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಸ್ವಲ್ಪ ಬಂದು ಹೋಗೋ. ನಿನ್ನ ಭಾವ ಆ ರೇಡಿಯೇಟರ್ ಬಿಚ್ಚಿಸಿ ತಂದು ತೊಟ್ಟಿ ಮುಂದೆ ಕೂತ್ಬಿಟ್ಟಿದಾರೆ. ಕರೆದ್ರೆ ಏಳಲ್ಲ. ನಿನ್ನ ಮಾತಾದ್ರೂ ಕೇಳ್ತಾರೇನೋ."

ಹೋದ. ಹಿತ್ತಲಲ್ಲಿ ಭಾವ ರೇಡಿಯೇಟರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬುತ್ತಿದ್ದರು. ಎಲ್ಲಿ ತೂತಿದೆಯೋ ಅಲ್ಲಿ ಗುಳ್ಳೆ ಏಳಬೇಕು. ನೀರು ಕನ್ನಡಿಯಂತೆ ಅಲುಗದೆ ನಿಂತಿತ್ತು.

"ಬಾರೋ, ಸರಿಯಾದ ಹೊತ್ತಿಗೆ ಬಂದೆ" ಎಂದು ಭಾವ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. "ಗುಳ್ಳೆ ಎಲ್ಲಿ ಏಳ್ತಿದೆ ನೋಡು. ನನ್ನ ಕಣ್ಣಿಗಂತೂ ಕಾಣ್ತಿಲ್ಲ. ಕೈ ಹೋಗಿದ್ದು ಗೊತ್ತಿತ್ತು. ಕಣ್ಣೂ ಹೋಯ್ತಲ್ಲೋ." ಪಂಪನ್ನು ಮತ್ತೊಮ್ಮೆ ಒತ್ತಿ, "ಬೆಸುಗೆ ಸಾಮಾನು ಪಕ್ಕದ ಅಂಗಡಿಯವನಿಗೆ ಕೊಟ್ಟುಬಿಟ್ಟೆ. ಇನ್ನೊಬ್ಬರ ಕಾರು ನಡುರಸ್ತೇಲಿ ನಿಲ್ಲಿಸೋದು ಬೇಡ" ಎಂದರು.

ಆಯ್ತಣ್ಣ ಮೊಣಕಾಲೂರಿ ಕುಳಿತ. ನೀರಿನಲ್ಲಿ ತನ್ನ ಮುಖವೇ ಕಂಡಿತು. ನೋಡಲಾಗಲಿಲ್ಲ.

"ಗುಳ್ಳೆ ಏಳಲ್ಲ ಭಾವ."

"ಸರಿಯಾಗಿ ನೋಡೋ."

"ತೂತೇ ಇಲ್ಲ. ಸೋರಿದ್ದು ನನ್ನ ಪೈಪು. ಅಚ್ಚು ಕೆತ್ತಲಿಲ್ಲ ನಾನು. ಕುಗ್ಗಿತ್ತು, ಅಂಟು ಮೆತ್ತಿದ್ದೆ. ಅವತ್ತು ಸೇತುವೆ ಮೇಲೇ ನೋಡ್ದೆ."

ಭಾವ ಪಂಪು ಒತ್ತುವುದನ್ನು ನಿಲ್ಲಿಸಿದರು. "ನೋಡಿದ ಮೇಲೂ ಆ ಮಾತಂದ್ಯಾ?"

"ಹೂಂ."

ಹಿತ್ತಲ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ತಮ್ಮನಿಗೆಂದು ತಂದ ಟೀ ಲೋಟ ಕೈಯಲ್ಲೇ ಇತ್ತು. ಲೋಟದ ಸಮೇತ ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

"ಮನೆಗೆ ಹೋಗು" ಎಂದರು ಭಾವ.

ಅವನು ಮನೆಗೆ ಹೋಗಲಿಲ್ಲ, ನೇರ ಡಾಕ್ಟರಮ್ಮನಲ್ಲಿಗೆ ನಡೆದ. ಎಲ್ಲ ಕೇಳಿ ಅವರ ಮುಖ ಕೆಂಪೇರಿತು. "ಆ ಮನುಷ್ಯನನ್ನ ಎಲ್ಲರೆದುರು ಅಂದುಬಿಟ್ಟೆನಲ್ಲ! ನಾನು ಹೋಗಿ ಕ್ಷಮೆ ಕೇಳ್ತೀನಿ. ಆದ್ರೆ ನಿಮ್ಮದು ಮನೆಯೊಳಗೆ ಮುಗಿಯೋ ವಿಷಯ ಅಲ್ಲ. ಎಲ್ಲರ ಮುಂದೆ ಆಡಿದ್ದನ್ನ ಎಲ್ಲರ ಮುಂದೇನೇ ಹೇಳಿ."

ಈ ಬಾರಿ ಮರ ಕೆತ್ತಿದ. ಕೂದಲೆಳೆ ದೊಡ್ಡದಾಗಿ ಕೆತ್ತಿ, ನುಣುಪು ಮಾಡಿ, ಪೈಪು ಒಳಗೆ ಟೊಳ್ಳಾಗಿ ಬರಲೆಂದು ಮರಳಿನದೇ ತಿರುಳು ಕಟ್ಟಿದ. ಈ ಅಚ್ಚಿನ ಮೊದಲ ಎರಕದಲ್ಲಿ ಗಾಳಿ ಸಿಕ್ಕಿಕೊಂಡು ಬೆರಳು ಹೋಗುವಷ್ಟು ತೂತಾಗಿತ್ತು. ಅದನ್ನು ಮತ್ತೆ ಕರಗಿಸಿದ. ಮತ್ತೊಂದು ಹೊಯ್ದ. ತಣ್ಣಗಾದ ಪೈಪಿನ ಬುಡವನ್ನು ಗಾಜಿನ ಹಲಗೆಯ ಮೇಲಿಟ್ಟು ಅದು ಅಲುಗಾಡದಂತಾಗುವವರೆಗೆ ಉಜ್ಜಿದ. ಎಂಜಿನ್ನಿನ ಮೇಲಿಟ್ಟಾಗ ಬೋಲ್ಟುಗಳು ಬೆರಳಿನಲ್ಲೇ ತಿರುಗಿ ಇಳಿದವು. ಖುಷಿಪಡಬೇಕಾಗಿತ್ತು. ಇಷ್ಟೇ ಕೆಲಸಕ್ಕೆ ಸೋಮಾರಿತನ ಮಾಡಿದೆನಲ್ಲ ಎಂದು ತಲೆ ಇನ್ನಷ್ಟು ತಗ್ಗಿತು.

ಮುಂದಿನ ಮೆರವಣಿಗೆಯಲ್ಲಿ ಕಾರು ಸೇತುವೆಯನ್ನು ಸಲೀಸಾಗಿ ದಾಟಿತು. ಆಚೆಯ ಮೈದಾನದಲ್ಲಿ ಕಾರಿನವರೆಲ್ಲ ಸೇರಿದ್ದಾಗ ಆಯ್ತಣ್ಣ ನಡುವೆ ಹೋಗಿ ನಿಂತ. "ಅವತ್ತು ಕಾರು ನಿಂತಿದ್ದು ನನ್ನ ತಪ್ಪಿಂದ. ಭಾವನ ಕೆಲಸ ಸರಿಯಾಗಿತ್ತು. ನನಗೆ ಗೊತ್ತಿದ್ದೂ ಅವರ ಮೇಲೆ ಹಾಕ್ದೆ." ಕೆಲವರಿಗೆ ಆ ದಿನ ನೆನಪೇ ಇರಲಿಲ್ಲ. ಅವತ್ತು ನಕ್ಕವನು ತನ್ನ ಬೂಟು ನೋಡಿಕೊಂಡ. ಇನ್ನೊಬ್ಬ ಹತ್ತಿರ ಬಂದು ಹೆಗಲು ತಟ್ಟಿ, "ಭಲೇ, ಧೈರ್ಯ ಬೇಕಪ್ಪ" ಎಂದ. ಆ ಹೊಗಳಿಕೆ ಚೇಳಿನಂತೆ ಕುಟುಕಿತು.

ಭಾವ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದರು. ಡಾಕ್ಟರಮ್ಮ ಹಿಂದೆಯೇ ಅವರಲ್ಲಿ ಕ್ಷಮೆ ಕೇಳಿ, ಆ ಪಕ್ಕದ ಅಂಗಡಿಯವನಲ್ಲಿಗೆ ತಾವೇ ಹೋಗಿ ಅವರ ಬೆಸುಗೆ ಸಾಮಾನನ್ನು ವಾಪಸು ತಂದುಕೊಟ್ಟಿದ್ದರು. ಆಯ್ತಣ್ಣ ಹೋಗಿ ಬಾಗಿಲ ಬಳಿ ನಿಂತ.

"ಭಾವ, ನಾನು..."

"ಕೇಳಿಸ್ತು" ಎಂದರು ಅವರು, ಇವನ ಕಡೆ ತಿರುಗದೆ. "ಪೈಪು ಚೆನ್ನಾಗಿದೆ. ಹಿಂದೆ ಕೂತ್ಕೋ."

ಅವನು ಹಿಂದಿನ ಸೀಟಿನಲ್ಲಿ ಕುಳಿತ. ದಾರಿಯುದ್ದಕ್ಕೂ ಭಾವನ ನರೆತ ಹಿಂದಲೆಯನ್ನೇ ನೋಡುತ್ತಿದ್ದ. ಮಕ್ಕಳು ಕೈಬೀಸಿದರು. ಈ ಸಲ ಭಾವ ಕೈ ಎತ್ತಲಿಲ್ಲ.