ಕೆಡವಿದ ಕಾರ್ಖಾನೆಯ ಹಿಂದಿನ ಮನೆ

ಆಂಬುಲೆನ್ಸ್ ಕಚೇರೀಲಿ ನಕ್ಷೆ ನೋಡಿಕೊಳ್ಳೋ ಹೆಂಗಸನ್ನ ಎಲ್ಲರೂ ನಕ್ಷೆಯಕ್ಕ ಅಂತಿದ್ರು. ಊರಲ್ಲಿ ಇರುವೆ ಗೂಡು ಬದಲಾಯಿಸಿದ್ರೂ ಅವಳ ಕಂಪ್ಯೂಟರಲ್ಲಿ ಚುಕ್ಕೆ ಜರುಗುತ್ತೆ ಅಂತ ಜನ ಆಣೆ ಮಾಡಿ ಹೇಳೋರು.

ಆವತ್ತು ಬೆಳಿಗ್ಗೆ ಅವಳು ನಕ್ಷೆಗೆ ಹೊಸ ಹುಡುಕಾಟ ಕೂರಿಸಿದಳು. ಫೋನ್ ಎತ್ತೋರು ಜಾಗದ ಹೆಸರು ಹೊಡೆದ್ರೆ ಸಾಕು, ನಕ್ಷೆ ಅಲ್ಲಿಗೇ ಹಾರಿ ನಿಲ್ಲಬೇಕು. ಅದಕ್ಕೆ ಡೇಟಾಬೇಸಲ್ಲಿ ಯಾವ ಪಟ್ಟಿ, ಯಾವ ಕಾಲಂ ಹುಡುಕಬೇಕು ಅಂತ ಮೊದಲೇ ಹೇಳಿಕೊಡಬೇಕು. ಕಟ್ಟಡಗಳ ಪಟ್ಟಿ ಕೊಟ್ಟಳು, ಹೆಸರಿನ ಕಾಲಂ ಕೊಟ್ಟಳು. ಕೆಡವಿದ್ದನ್ನ ತೋರಿಸಬೇಡ ಅಂತ ಒಂದು ಷರತ್ತೂ ಹಾಕಿದಳು. ಇಲ್ಲದ ಕಟ್ಟಡ ಕಟ್ಟಿಕೊಂಡು ಯಾರಿಗೇನಾಗಬೇಕು?

ಆಂಬುಲೆನ್ಸ್ ಓಡಿಸೋ ಅವಳ ತಮ್ಮ ಬಂದು ನೋಡಿ, ಇನ್ಮೇಲೆ ಕಣ್ಮುಚ್ಕೊಂಡು ಓಡಿಸಬಹುದು ಬಿಡು ಅಂದ. ಕಣ್ಣು ಬಿಟ್ಕೊಂಡು ಯಾವತ್ತು ಓಡಿಸಿದ್ದೆಯೋ ಅಂತ ಇವಳು ಚುಚ್ಚಿದಳು.

ಮಧ್ಯಾಹ್ನ ಒಬ್ಬ ಯಜಮಾನರ ಫೋನ್ ಬಂತು. ಹೆಂಡತಿ ಕುಸಿದು ಬಿದ್ದಿದ್ದಾಳೆ, ಬಾಯಿ ಸೊಟ್ಟಗಾಗಿದೆ, ಮನೆ ಸಾಬೂನು ಕಾರ್ಖಾನೆ ಹಿಂದೆ ಅಂದವರೇ ಫೋನ್ ಇಟ್ಟುಬಿಟ್ರು. ಫೋನ್ ಎತ್ತಿದ ಹುಡುಗಿ ಹೆಸರು ಹೊಡೆದಳು. ಒಂದೇ ಒಂದು ಚುಕ್ಕೆ, ಊರಾಚೆ. ತಮ್ಮ, ಗಾಳಿಗೇ ಏದುಸಿರು ಬರೋ ಹಾಗೆ ಓಡಿಸಿದ. ಹೋಗಿ ನೋಡಿದ್ರೆ ಹೊಸ ಕಾರ್ಖಾನೆ. ಹಿಂದೆ ಬರೀ ಬಯಲು.

"ಅಕ್ಕಾ, ಇಲ್ಲಿ ಮನೇನೇ ಇಲ್ಲ ಕಣೇ," ಅಂದ ಫೋನಲ್ಲಿ.

ನಕ್ಷೆಯಕ್ಕ ಬೆಳಿಗ್ಗೆ ಹಾಕಿದ್ದ ಷರತ್ತು ತೆಗೆದು ಮತ್ತೆ ಹೊಡೆದಳು. ಊರ ನಟ್ಟನಡುವೆ ಇನ್ನೊಂದು ಚುಕ್ಕೆ ಎದ್ದು ಕೂತಿತು. ಇವಳು ಹುಟ್ಟೋ ಮುಂಚೇನೇ ಕೆಡವಿದ್ದ ಹಳೇ ಸಾಬೂನು ಕಾರ್ಖಾನೆ. ಅವಳು ಹೇಳಿದ್ದೇ ತಡ, ತಮ್ಮ ಗಾಡಿ ತಿರುಗಿಸಿದ.

ಹೆಂಗಸಿನ ಜೀವ ಉಳೀತು. ಬಲಗೈ ಸ್ವಾಧೀನ ತಪ್ಪಿತು, ಮಾತೂ ಹೋಯ್ತು. ಇನ್ನೊಂಚೂರು ಬೇಗ ತಂದಿದ್ರೆ ಅಂತ ಡಾಕ್ಟರು ಮಾತು ಅರ್ಧಕ್ಕೇ ನಿಲ್ಲಿಸಿದ್ರು.

ಸಂಜೆ ನಕ್ಷೆಯಕ್ಕ ಆಸ್ಪತ್ರೆಗೆ ಹೋದಳು. ಯಜಮಾನರು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ರು. ತಪ್ಪು ತನ್ನದು ಅಂತ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಬೈಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

"ನಾವಿಬ್ಬರೂ ಅಲ್ಲೇ ಕೆಲಸಕ್ಕಿದ್ದದ್ದು ಕಣಮ್ಮಾ," ಅಂದ್ರು. "ಕೆಡವಿದ್ರು, ಸರಿ. ನಮ್ಮ ಬಾಯಲ್ಲಿ ಅದು ಇನ್ನೂ ನಿಂತೇ ಇದೆ."

ಅವಳು ಪಕ್ಕದಲ್ಲಿ ಕೂತಳು. ಚೀಲದಿಂದ ಒಂದು ಚೀಟಿ, ಪೆನ್ನು ತೆಗೆದಳು. ಆಮೇಲೆ ಮೆಲ್ಲಗೆ ಕೇಳಿದಳು: "ನಿಮ್ಮ ಕಡೆಯವರ ಬಾಯಲ್ಲಿ ಇನ್ನೂ ಏನೇನು ನಿಂತಿದೆ, ಹೇಳ್ತೀರಾ?"

ಯಜಮಾನರು ಬಾಗಿಲ ಕಡೆ ಒಂದ್ಸಲ ನೋಡಿದ್ರು. ಆಮೇಲೆ, ಮೂಲೇಲಿ ಒಂದು ಮಂಜುಗಡ್ಡೆ ಅಂಗಡಿ ಇತ್ತು, ಅಂತ ಶುರು ಮಾಡಿದ್ರು.