ಬೀಗದ ಕೈ ಹಾಡಿನ ಇನ್ನೊಂದು ದನಿ

ಟೈಲರಮ್ಮನ ಗಂಡನಿಗೆ ಹಾಡುಗಳ ವಿಷಯದಲ್ಲಿ ಒಂದೇ ಹಟ: ಮೊದಲು ಹಾಡಿದವರದೇ ಹಾಡು, ಆಮೇಲಿನವರದೆಲ್ಲ ನಕಲು. ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡೇ ತಲೆ ನರೆಸಿಕೊಂಡ ಮನುಷ್ಯ. ಆತನ ಅಂಗಡಿಗೂ ಹೆಂಡತಿಯ ಹೊಲಿಗೆ ಅಂಗಡಿಗೂ ಸೇರಿ ಇದ್ದದ್ದು ಒಂದೇ ಕೋಣೆ, ನಡುವೆ ಒಂದು ಪರದೆ. ಭಾನುವಾರ ಬೆಳಗ್ಗೆ ಗಿರಾಕಿಗಳ ಕಾಟವಿಲ್ಲದ ಹೊತ್ತಿನಲ್ಲಿ ಆತ ಯಾವುದಾದರೊಂದು ಜನಪ್ರಿಯ ಹಾಡಿನ ಮೂಲವನ್ನೂ, ಅದನ್ನೇ ಬೇರೆಯವರು ಹಾಡಿದ್ದನ್ನೂ ಒಂದರ ಹಿಂದೊಂದು ಹಾಕಿ, ಕಣ್ಣುಮುಚ್ಚಿ ಕೇಳಿ, ತೀರ್ಪು ಕೊಡುತ್ತಿದ್ದ. ತೀರ್ಪೇನೆಂದು ಹಾಡು ಶುರುವಾಗುವ ಮೊದಲೇ ಮನೆಯವರಿಗೆಲ್ಲ ಗೊತ್ತಿರುತ್ತಿತ್ತು. ಪರದೆಯ ಈಚೆ ಟೈಲರಮ್ಮ ತುಟಿಪಿಟಕ್ಕೆನ್ನದೆ ಕಾಜಾ ಹೊಲಿಯುತ್ತಿದ್ದಳು.

ಹೊಸ ಸೊಸೆ ಮನೆಗೆ ಬಂದು ಮೂರು ತಿಂಗಳಾಗಿತ್ತು. ಒಂದು ಭಾನುವಾರ ಅವಳು ಟೇಪು ಸಿಕ್ಕುಸಿಕ್ಕಾಗಿ ಹೊರಬಂದಿದ್ದ ಹಳೆಯ ಕ್ಯಾಸೆಟ್ಟೊಂದನ್ನು ಮಾವನ ಮುಂದಿಟ್ಟಳು.

“ಇದನ್ನ ಸರಿಮಾಡಿ ಕೊಡ್ತೀರಾ ಮಾವ? ನಮ್ಮಮ್ಮನದು. ಚಿಕ್ಕವಳಿದ್ದಾಗ ಬೀಗದ ಕೈ ಹಾಡು ಕೇಳದೆ ನಾನು ನಿದ್ದೇನೇ ಮಾಡ್ತಿರಲಿಲ್ಲವಂತೆ.”

“ಆ ಹಾಡು ನನ್ನ ಹತ್ರ ಇದೆಯಲ್ಲಮ್ಮ.”

“ನಿಮ್ಮದು ಬೇರೆ ಥರ ಇದೆ. ಇದು ಒರಿಜಿನಲ್ಲು.”

ಮಾವನಿಗೆ ಯಾರೋ ಚಿವುಟಿದ ಹಾಗಾಯಿತು. ಮನೆಗೆ ಬೀಗ ಹಾಕಿ ಬೀಗದ ಕೈ ಕಳೆದುಕೊಂಡ ಹುಡುಗಿ, ತನ್ನನ್ನು ನೋಡಲು ಬಂದ ಹುಡುಗನನ್ನು ಮೆಟ್ಟಿಲ ಮೇಲೇ ಕೂರಿಸಿಕೊಂಡು ಹಾಡುವ ಸಿನಿಮಾ ಹಾಡು ಅದು. ಹಾಡಿದ ದೊಡ್ಡ ಗಾಯಕಿ ಯಾರೆಂದು ಸಣ್ಣ ಮಕ್ಕಳೂ ಹೇಳುತ್ತಿದ್ದರು. ಆತ ಪೆನ್ಸಿಲ್ ತೂರಿಸಿ ಟೇಪು ಸುತ್ತತೊಡಗಿದ. ಪರದೆಯ ಸಂದಿಯಿಂದ ಇಣುಕಿದ ಟೈಲರಮ್ಮನಿಗೆ ಕ್ಯಾಸೆಟ್ಟಿನ ಹಳದಿ ಹೊದಿಕೆ ಕಂಡಿತು. ಹಾಡಿದವರ ಹೆಸರಿರಬೇಕಾದ ಕಡೆ ‘ಹೊಸ ದನಿಗಳು’ ಎಂದಷ್ಟೇ ಅಚ್ಚಾಗಿತ್ತು. ಸೂಜಿ ಬೆರಳಿಗೆ ಚುಚ್ಚಿತು.

ಆತ ಮೊದಲು ದೊಡ್ಡ ಗಾಯಕಿಯದನ್ನು ಹಾಕಿದ, ಆಮೇಲೆ ಇದನ್ನು. ಎರಡನೇ ಚರಣದ ನಡುವೆ ಹಾಡುವವಳು ಕಿಸಕ್ಕನೆ ನಕ್ಕಳು.

“ನೋಡಿದ್ಯಾ? ಬೀಗದ ಕೈ ಕಳ್ಕೊಂಡು ಬೀದೀಲಿ ನಿಂತವಳು ನಗ್ತಾಳಾ?”

“ನಗ್ತಾಳೆ ಮಾವ. ಅವಳಿಗೆ ಕೈ ಸಿಗೋದೇ ಬೇಡ. ಸಿಕ್ಕಿದರೆ ಬಾಗಿಲು ತೆಗೆದು ಒಳಗೆ ಹೋಗ್ಬೇಕು, ಅವನು ಎದ್ದು ಹೋಗ್ತಾನೆ. ನಿಮ್ಮ ಗಾಯಕಿ ಹಾಡಿದ್ರೆ ನಿಜವಾಗ್ಲೂ ಬೀಗದ ಕೈಗೋಸ್ಕರ ಅಳೋ ಹಾಗಿದೆ.”

ಆತ ಟೇಪನ್ನು ಹಿಂದಕ್ಕೆ ಓಡಿಸಿ ಆ ನಗುವನ್ನು ಮತ್ತೆ ಕೇಳಿದ. ಹೀಗೆ ಐದು ಸಲ. ಕೊನೆಗೆ ತಲೆಯಾಡಿಸಿದ.

“ನಗು ಇರಲಿ ಬಿಡು. ಉಸಿರು ಎಲ್ಲೆಲ್ಲೋ ತಗೊಂಡಿದಾಳೆ. ಯಾರೋ ಪಾಪ, ಗಂಟು ಕಟ್ಟಿಕೊಂಡು ಬಸ್ಸಿಗೆ ಓಡೋಳ ಥರ ಹಾಡಿದಾಳೆ.”

ಟೈಲರಮ್ಮನಿಗೆ ತಡೆಯಲಾಗಲಿಲ್ಲ. ಪರದೆ ಸರಿಸಿದಳು.

“ಒಂದೇ ಮಧ್ಯಾಹ್ನ ಎಂಟು ಹಾಡು ಹಾಡಿಸಿದ್ರು ರೀ. ಉಸಿರು ಸಿಕ್ಕಿದಲ್ಲಿ ತಗೊಳ್ದೆ ಇನ್ನೇನು ಮಾಡ್ಲಿ?”

ಮಾವ, ಸೊಸೆ ಇಬ್ಬರೂ ಅವಳನ್ನೇ ನೋಡಿದರು. ಅವಳು ಕತ್ತರಿಯನ್ನು ಕೈಯಲ್ಲಿ ತಿರುಗಿಸುತ್ತ ಎಲ್ಲ ಹೇಳಿದಳು. ಆಗ ಅವಳಿಗೆ ಹತ್ತೊಂಬತ್ತು. ಹೆಸರಾದ ಹಾಡುಗಳನ್ನು ಹೊಸಬರಿಂದ ಹಾಡಿಸಿ ಅಗ್ಗದ ಕ್ಯಾಸೆಟ್ ಮಾರುವವರು ಯಾರದೋ ಕಾರ್ ಶೆಡ್ಡಿನ ಗೋಡೆಗೆ ಹಾಸಿಗೆ ಒರಗಿಸಿ ಸ್ಟುಡಿಯೊ ಮಾಡಿದ್ದರು. ಬೀಗದ ಕೈ ಹಾಡಿನ ನಡುವೆ ಡ್ರಮ್ ಬಾರಿಸುವವನ ಸ್ಟೂಲು ಮುರಿದು ಆತ ನೆಲಕ್ಕೆ ಬಿದ್ದ. ಬಿದ್ದಲ್ಲಿಂದಲೇ ತಾಳ ತಪ್ಪದಂತೆ ಬಾರಿಸುತ್ತಿದ್ದವನನ್ನು ನೋಡಿ ಅವಳಿಗೆ ನಗು ಉಕ್ಕಿತು. ಮತ್ತೊಮ್ಮೆ ಹಾಡಿಸಲು ಅವರಿಗೆ ಪುರುಸೊತ್ತಿರಲಿಲ್ಲ.

“ಅಯ್ಯೋ ಅತ್ತೆ, ನನ್ನ ಮಲಗಿಸಿದ್ದು ನೀವಾ?” ಎಂದು ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು.

ಗಂಡ, “ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೇ,” ಎಂದ.

“ಮದುವೆಯಾದ ವಾರದಲ್ಲೇ ನೀವು, ನಕಲು ಹಾಡೋರನ್ನ ಹಾಡುಗಾರರು ಅಂತ ಕರೀಬಾರದು ಅಂದ್ರಿ. ಇನ್ನು ಬಾಯಿ ಬಿಡೋದು ಹೇಗೆ?”

ಆತನ ಕಿವಿ ಕೆಂಪಾದವು. “ಅಂದಿದ್ದೆ,” ಎಂದು ಒಪ್ಪಿಕೊಂಡು ಕನ್ನಡಕ ತೆಗೆದು ಒರೆಸಿದ. ಆಮೇಲೆ ಹಾಡನ್ನು ಮೊದಲಿನಿಂದ ಹಾಕಿ, ಈ ಸಲ ಕಣ್ಣು ಮುಚ್ಚದೆ, ಹೆಂಡತಿಯ ಮುಖ ನೋಡುತ್ತ ಕೇಳಿದ. ಟೈಲರಮ್ಮನಿಗೆ ನಾಚಿಕೆಯಾಗಿ, ಯಾವ ಕೆಲಸವೂ ಇಲ್ಲದೆ ಅಳತೆ ಟೇಪಿನಿಂದ ಮೇಜಿನ ಉದ್ದ ಅಳೆದಳು.

“ಇದೇ ವಾಸಿ,” ಎಂದ ಆತ, ಹಾಡು ಮುಗಿದ ಮೇಲೆ.

“ಮುಲಾಜಿಗೆ ಹೇಳ್ಬೇಡಿ. ಆಯಮ್ಮ ಪಲ್ಲವಿ ಎತ್ತೋ ಜಾಗ ಕೇಳಿ. ಹಾಗೆ ಎತ್ತೋದು ನನ್ನಿಂದ ಈ ಜನ್ಮದಲ್ಲಿ ಆಗಲ್ಲ.”

“ಎತ್ತೋದು ಎಲ್ಲರೂ ಎತ್ತುತಾರೆ. ನಗೋದು ಬರಬೇಕಲ್ಲ.”

“ಸ್ಟೂಲು ಮುರಿದಿದ್ದಕ್ಕೆ ನಕ್ಕಿದ್ದು ರೀ ಅದು. ಅದೂ ಒಂದು ಸಂಗೀತವಾ?”

ಗಂಡ ನಕಲಿನ ಪರ, ಹಾಡಿದವಳೇ ಮೂಲದ ಪರ. ಇಬ್ಬರೂ ಪಟ್ಟು ಬಿಡಲಿಲ್ಲ. ಪಕ್ಕದ ಚಪ್ಪಲಿ ಅಂಗಡಿಯವನು ಏನಾಯಿತೋ ಎಂದು ಓಡಿ ಬಂದ. ಅವನನ್ನೂ ಕೂರಿಸಿ ಎರಡನ್ನೂ ಕೇಳಿಸಿದರು. ಅವನು ಇಬ್ಬರ ಮುಖವನ್ನೂ ನೋಡಿ, ಗಿರಾಕಿ ಕಾಯ್ತಿದಾರೆ ಎಂದು ಮೆಲ್ಲಗೆ ಜಾರಿಕೊಂಡ.

ಅಷ್ಟರಲ್ಲಿ ಸೊಸೆ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದ್ದಳು. ಆ ಮಗ್ಗುಲಲ್ಲಿ ಯುಗಳಗೀತೆ. ಹತ್ತೊಂಬತ್ತರ ದನಿಯ ಜೊತೆ ಒಂದು ಗಂಡು ದನಿ ಬಲು ಸಲುಗೆಯಿಂದ ಸೇರಿಕೊಂಡಿತು. ಗಂಡ ಕಿವಿ ನಿಮಿರಿಸಿದ.

“ಇವನ್ಯಾರು?”

“ಕಾರ್ ಶೆಡ್ಡಿನ ಯಜಮಾನರು. ಅರವತ್ತು ದಾಟಿತ್ತು, ನೆಗಡಿ ಬೇರೆ.”

“ಅರವತ್ತಾದ್ರೇನು, ಇದು ಮಾತ್ರ ಒರಿಜಿನಲ್ಲೇ ವಾಸಿ,” ಎಂದು ಆತ ತೀರ್ಪು ಕೊಟ್ಟ. ಟೈಲರಮ್ಮ ನಗುತ್ತ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಸ್ಟೂಲನ್ನು ಪರದೆಯ ಆಚೆಗೆ ಎಳೆದುಕೊಂಡು ಗಂಡನ ಪಕ್ಕ ಕೂತಳು. ಇನ್ನೂ ಆರು ಹಾಡುಗಳಿದ್ದವು.