ಹಳ್ಳ ಹೊತ್ತು ತಂದ ಹೊಲ

ಮಸ್ಕಿ ಹಳ್ಳದ ನೆರೆ ಇಳಿದ ಮರುದಿನ ಬೆಳಿಗ್ಗೆ ಪಾರ್ವತೆಮ್ಮನಿಗೆ ತಮ್ಮ ಹೊಲದ ಗುರುತೇ ಸಿಗಲಿಲ್ಲ. ದಿಬ್ಬದ ಮೇಲಿನ ಮನೆ ಹೇಗಿತ್ತೋ ಹಾಗೇ ಇತ್ತು. ಕೆಳಗೆ ಹಳ್ಳದ ಅಂಚಿನವರೆಗೆ ಹರಡಿದ್ದ ಕಲ್ಲು ನೆಲ ಮಾತ್ರ ಮಾಯವಾಗಿ, ಅದರ ಜಾಗದಲ್ಲಿ ಎರೆ ಮಣ್ಣು ಮಿರಮಿರ ಮಿಂಚುತ್ತಿತ್ತು. ಅವಳ ಗಂಡ ಗದ್ದೆಪ್ಪ ಆಗಲೇ ಮೊಣಕಾಲುದ್ದ ಕೆಸರಿಗಿಳಿದು, ಒಂದು ಚಪ್ಪಲಿ ಕಳೆದುಕೊಂಡು, ಹಬ್ಬಕ್ಕೆ ಬಂದವನಂತೆ ನಗುತ್ತ ನಿಂತಿದ್ದ.

"ಏ ಇವಳ, ಇಲ್ಲಿ ಬಾ! ನಮ್ಮ ಕಲ್ಲೆಲ್ಲ ಎಲ್ಲಿ ಹೋದ್ವು ನೋಡು! ಯಾರೋ ಕರೀ ಕಂಬಳಿ ಹೊಚ್ಚಿ ಹೋಗ್ಯಾರ!"

ಲಿಂಗಸುಗೂರು ಡಿಪೋದಲ್ಲಿ ಕಂಡಕ್ಟರ್ ಆಗಿದ್ದ ಗದ್ದೆಪ್ಪ ನೌಕರಿಯಲ್ಲಿದ್ದಾಗಲೇ ಈ ಹೊಲ ಕೊಂಡಿದ್ದ. ಅವರ ಜನಕ್ಕೆ ಆ ಊರಲ್ಲಿ ಹೊಲ ಮಾರುವವರೇ ಅಪರೂಪ. ಮಾರಿದರೂ ಇಂಥದನ್ನೇ ಮಾರುತ್ತಿದ್ದರು. ನಿವೃತ್ತನಾದ ಮೇಲೆ ದಿನಾ ಕಲ್ಲು ಆರಿಸಿ ಬದುವಿಗೆ ಒಟ್ಟುವುದೇ ಅವನ ಡ್ಯೂಟಿಯಾಗಿತ್ತು. ಹಳ್ಳದ ಮೇಲಿನ ತಿರುವಿನಲ್ಲಿ ಬಸವಂತರಾಯರ ಹೊಲ. ಅವರು ಬೈಕು ನಿಲ್ಲಿಸಿ, "ಗದ್ದೆಪ್ಪ, ಈ ವರ್ಷ ಕಲ್ಲು ಛಲೋ ಬೆಳದಾವಲ್ಲೋ" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ಪಾರ್ವತೆಮ್ಮನ ಕಣ್ಣು ಮಣ್ಣಿನ ಮೇಲಿರಲಿಲ್ಲ. ಸರ್ಕಾರಿ ದವಾಖಾನೆಯಲ್ಲಿ ನರ್ಸಮ್ಮನಾಗಿ ಊರೂರು ತಿರುಗಿದವಳು ಅವಳು. ಹಳ್ಳ ಬರುವಾಗ ಬರೀ ನೀರು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಊರುಗಳ ಗಟಾರು, ತಿಪ್ಪೆ, ಬಯಲಿಗೆ ಕೂತವರ ಹೊಲಸು, ಗದ್ದೆಗೆ ಹೊಡೆದ ಕೀಟನಾಶಕದ ಎಣ್ಣೆ, ಎಲ್ಲವೂ ಕಲಸಿಕೊಂಡು ಬರುತ್ತದೆ. ಹೊಲದ ತುಂಬ ಒಂಟಿ ಚಪ್ಪಲಿಗಳು, ಹಾಲಿನ ಪ್ಯಾಕೆಟ್ಟುಗಳು, ಗುಟ್ಕಾ ಚೀಟಿ, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ಬಿದ್ದಿದ್ದವು. ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಅರ್ಧ ಹೂತು, ಉಳಿದರ್ಧದಿಂದ ಮುಂದಾಳೊಬ್ಬ ಕೈಮುಗಿದು ನಗುತ್ತಿದ್ದ. ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನು ಸತ್ತು ನಾರತೊಡಗಿದ್ದವು. ಬಾವಿ ತುಂಬಿ, ಕಟ್ಟೆ ದಾಟಿ ಹರಿದಿತ್ತು.

"ಮಣ್ಣು ಇರ್ಲಿ, ಮೊದ್ಲು ಬಾವಿ ನೋಡ್ರಿ" ಎಂದಳು. "ಎಲ್ಲಾ ನೀರು ಎತ್ತಿ ಹೊರಗ ಹಾಕಿ, ಬ್ಲೀಚಿಂಗ್ ಹೊಡಿಯೋತನಾ ಒಂದು ಹನಿ ಬಾಯಿಗೆ ಹಾಕಂಗಿಲ್ಲ."

ಎತ್ತಲು ಮೋಟರಾದರೂ ಬೇಕಲ್ಲ? ಅದು ಮುಳುಗಿ, ಸುಟ್ಟು, ರಿವೈಂಡಿಂಗಿಗೆಂದು ಸಿಂಧನೂರಿಗೆ ಹೋಯಿತು. ಹಳ್ಳದ ಸಾಲಿನಲ್ಲಿ ಎಲ್ಲರ ಮೋಟರೂ ಅಲ್ಲೇ ಹೋಗಿದ್ದರಿಂದ, "ಇವತ್ತು, ನಾಳೆ" ಎನ್ನುವುದು ಬಿಟ್ಟರೆ ಅಂಗಡಿಯವನ ಬಾಯಿಂದ ಬೇರೆ ಮಾತು ಬರಲಿಲ್ಲ. ಪಾರ್ವತೆಮ್ಮ ಬಾವಿಯ ಬಾಯಿಗೆ ಜಾಲಿಮುಳ್ಳು ಅಡ್ಡ ಹಾಕಿದಳು. ಊರೊಳಗಿನ ಶುದ್ಧ ನೀರಿನ ಘಟಕದಿಂದ ಗದ್ದೆಪ್ಪ ದಿನಾ ಕ್ಯಾನು ಹೊತ್ತು ತರುತ್ತಿದ್ದ.

ಕೆಸರು ಗಟ್ಟಿಯಾಗಿ ಕಾಲಿಡುವಂತಾದ ದಿನ ಬಸವಂತರಾಯರು ಮಗ ಚನ್ನುವಿನ ಜೊತೆ ಬಂದರು. ಅವರ ಮುಖ ನೋಡಿ ಪಾರ್ವತೆಮ್ಮನಿಗೆ ಪಾಪವೆನಿಸಿತು. ಹಳ್ಳ ತಿರುವಿನಲ್ಲಿ ದಂಡೆ ಒಡೆದು ಅವರ ಹೊಲವನ್ನು ಕೆರೆದುಕೊಂಡು ಹೋಗಿತ್ತು. ಮಣ್ಣು ಹೋಗಿ, ಅಡಿಯ ಕಲ್ಲು ಬಂಡೆ ಎದ್ದು ಕಂಡಿದ್ದವು. ಆದರೆ ಅವರು ಬಾಯಿ ತೆರೆದೊಡನೆ ಆ ಪಾಪವೆಲ್ಲ ಹಾರಿಹೋಯಿತು.

"ಗದ್ದೆಪ್ಪ, ಇದು ನನ್ನ ಮಣ್ಣು. ವಾಪಸ್ ಒಯ್ಯಾಕ ಬಂದೀನಿ."

ಗದ್ದೆಪ್ಪ ಸುತ್ತಲೂ ನೋಡಿದ. "ಹೌದೇನ್ರಿ ಸಾವ್ಕಾರ್ರ? ಹೆಸರು ಎಲ್ಲಿ ಬರದೈತ್ರಿ?"

"ಹೆಸರು ಯಾಕ ಬೇಕು? ನನ್ನ ಮಣ್ಣಿನ ವಾಸನಿ ನನಗ ಗೊತ್ತಾಗಂಗಿಲ್ಲೇನು?" ಬಸವಂತರಾಯರು ಬಗ್ಗಿ ಒಂದು ಹಿಡಿ ಮಣ್ಣು ಎತ್ತಿ ಮೂಗಿಗೆ ಹಿಡಿದರು. ಅದರಲ್ಲಿ ಸತ್ತ ಮೀನಿನ ಬಾಲವೂ ಇತ್ತು. ಮುಖ ಕಿವಿಚಿ ಕೈ ಝಾಡಿಸಿ, "ನಂದ ಐತಿ" ಎಂದರು.

ಅಷ್ಟರಲ್ಲಿ ಚನ್ನು, "ಅಪ್ಪಾ, ನಿನ್ನ ಕೋಟು!" ಎಂದು ಕೂಗಿದ. ಜಾಲಿ ಗಿಡಕ್ಕೆ ಸಿಕ್ಕಿಕೊಂಡು ಅವರ ಹೊಲದ ಬೆದರುಗೊಂಬೆ ನೇತಾಡುತ್ತಿತ್ತು. ಮೈಮೇಲೆ ಬಸವಂತರಾಯರು ಮದುವೆಯಲ್ಲಿ ಹಾಕಿಕೊಂಡ ಕೋಟು, ಕೊರಳಲ್ಲಿ ಯಾರದೋ ಸೈಕಲ್ ಟೈರು.

"ನೋಡು! ಇದಕ್ಕಿಂತ ಬ್ಯಾರೆ ಸಾಕ್ಷಿ ಬೇಕಾ?"

ಗದ್ದೆಪ್ಪ ಕಂಡಕ್ಟರ್ ದನಿ ತೆಗೆದ. "ನಮ್ಮ ಬಸ್ಸಿನ್ಯಾಗ ಯಾರರ ಲಗೇಜ್ ಬಿಟ್ಟು ಹೋದ್ರ ಒಂದು ಕಾಯ್ದೆ ಇತ್ರಿ. ನಂದು ಅನ್ನೋರು ಗಂಟು ಪೂರಾ ಒಯ್ಬೇಕು. ಬೇಕಾದ್ದಷ್ಟು ಆರಿಸ್ಕೊಂಡು ಉಳಿದದ್ದು ಸೀಟಿನ ಕೆಳಗ ಬಿಟ್ಟು ಹೋಗಂಗಿಲ್ಲ. ಮಣ್ಣು ನಿಮ್ದಾದ್ರ ಚಪ್ಪಲ್ಲೂ ನಿಮ್ದು, ಪ್ಲಾಸ್ಟಿಕ್ಕೂ ನಿಮ್ದು, ಈ ಫ್ಲೆಕ್ಸಿನ ಸಾಹೇಬ್ರೂ ನಿಮ್ಮವರ. ಎಲ್ಲಾ ತಗೊಂಡು ಹೋಗ್ರಿ, ನನ್ನ ತಕರಾರಿಲ್ಲ."

"ಕಸ ಮಸ್ಕಿ ಊರಿಂದು!"

"ಮಣ್ಣೂ ಹಳ್ಳದ್ದರಿ. ಹಳ್ಳ ನನ್ನ ಬಾಗಿಲಿಗೆ ತಂದು ಹಾಕೈತಿ."

ಮಾತಿಗೆ ಮಾತು ಬೆಳೆದು ಬಿಸಿಲೇರಿತು. ಬಸವಂತರಾಯರ ಗಂಟಲು ಒಣಗಿತು. ಬಾವಿಯ ಕೆಸರು ಅಡಿಗೆ ಕುಳಿತು ಮೇಲಿನ ನೀರು ತಿಳಿಯಾಗಿತ್ತು. ಬಿಸಿಲಲ್ಲಿ ಪಳಪಳ ಹೊಳೆಯುತ್ತಿತ್ತು. ಅವರು ಮುಳ್ಳು ಸರಿಸಿ ಹಗ್ಗದ ಬಕೀಟು ಇಳಿಬಿಟ್ಟರು.

ಪಾರ್ವತೆಮ್ಮ ಓಡಿಬಂದಳು. "ಸಾವ್ಕಾರ್ರ, ಬ್ಯಾಡ್ರಿ! ಆ ನೀರು ಕುಡಿಯಂಗಿಲ್ಲ. ಕ್ಯಾನಿನ ನೀರು ಕೊಡ್ತೀನಿ, ತಡೀರಿ."

"ಏನಾಗ್ಯದ ಇದಕ್ಕ? ಕನ್ನಡಿ ಇದ್ದಂಗ ಐತಿ."

"ತಿಳಿ ಕಾಣ್ತದರಿ. ಕಣ್ಣಿಗೆ ಕಾಣದ್ದು ಒಳಗ ಬಾಳ ಐತಿ."

"ನರ್ಸಮ್ಮ, ನಾವು ಹುಟ್ಟಿದಾಗಿಂದ ಈ ಹಳ್ಳದ ನೀರು ಕುಡದೀವಿ. ಮಣ್ಣು ನಂದು ಅಂದಮ್ಯಾಲ ಅದರಾಗ ಇಳಿದ ನೀರೂ ನಂದ" ಎಂದು ಬಸವಂತರಾಯರು ಬಕೀಟನ್ನೇ ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡರು.

ಪಾರ್ವತೆಮ್ಮನಿಗೆ ಹೆದರಿಕೆಯೂ ಆಯಿತು, ನಗುವೂ ಬಂತು. ಇಷ್ಟು ವರ್ಷದ ನೆರೆಯಲ್ಲಿ ಬಸವಂತರಾಯರು ಅವರ ಮನೆಯ ಒಂದು ಲೋಟ ನೀರು ಮುಟ್ಟಿರಲಿಲ್ಲ. "ಈಗಷ್ಟ ಕುಡದು ಬಂದೀನಿ" ಎನ್ನುತ್ತಿದ್ದರು. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕಡೆಗೂ ಕುಡಿದರಲ್ಲ, ಅದೂ ಕುಡಿಯಬಾರದ ದಿನವೇ!

"ನಾಳಿಗೆ ಟ್ರ್ಯಾಕ್ಟರ್ ತರ್ತೀನಿ" ಎಂದು ಅವರು ಹೋದರು.

ತಂದರು ಕೂಡ. ಚನ್ನು ಟ್ರ್ಯಾಲಿ ಹಚ್ಚಿದ, ಆಳುಗಳು ಸಲಿಕೆ ಹಿಡಿದರು. ಗದ್ದೆಪ್ಪ ಸರ್ವಿಸಿನ ಸೀಟಿ ಕೊರಳಿಗೆ ಹಾಕಿಕೊಂಡು ಬದುವಿನ ಮೇಲೆ ಕೂತ. ಆಳುಗಳು ಒಂದು ಚಪ್ಪಲಿ ಬಿಟ್ಟು ಮುಂದೆ ಹೋದರೂ ಸೀಟಿ ಊದಿ ಬೆರಳು ತೋರಿಸುತ್ತಿದ್ದ. ಸಲಿಕೆಗೆ ಮಣ್ಣಿಗಿಂತ ಚೀಲ, ಬಳೆಚೂರು, ಬಾಟಲಿಗಳೇ ಹೆಚ್ಚು ಸಿಕ್ಕವು. ಬಾಟಲಿ ಗಾಜು ತಗುಲಿ ಒಬ್ಬ ಆಳು ಕಾಲು ಹಿಡಿದು ಕೂತ. ಪಾರ್ವತೆಮ್ಮ ಅವನಿಗೆ ಪಟ್ಟಿ ಕಟ್ಟುತ್ತಿರುವಾಗ ಬಸವಂತರಾಯರು ಮಾತಿನ ನಡುವೆಯೇ ನಿಂತು, ಹೊಟ್ಟೆ ಹಿಡಿದು, ಜಾಲಿ ಪೊದೆಯ ಕಡೆ ಸರಸರ ನಡೆದರು.

ಬಂದು ಎರಡು ಮಾತಾಡಿ ಮತ್ತೆ ಹೋದರು. ಮುಂದಿನ ಸಲ ನಡೆಯಲಿಲ್ಲ, ಓಡಿದರು. ಆಮೇಲೆ ಪೊದೆಯವರೆಗೆ ಹೋಗುವ ಧೈರ್ಯ ಸಾಲದೆ, ಪಾರ್ವತೆಮ್ಮನ ಮನೆಯ ಪಾಯಖಾನೆಯತ್ತ ನೋಡಿದರು.

"ಹೋಗ್ರಿ ಸಾವ್ಕಾರ್ರ, ಚಿಲಕ ತೆಗದೈತಿ" ಎಂದಳು ಪಾರ್ವತೆಮ್ಮ.

ಹೊರಗೆ ಬಂದಾಗ ಅವರಿಗೆ ನಿಲ್ಲಲು ಕಾಲಿರಲಿಲ್ಲ. ಯಾರಾದರೂ ಹೇಳುವ ಮೊದಲೇ ಪಡಸಾಲೆಯ ಮಂಚದ ಮೇಲೆ, ಗೋಡೆಯ ಬುದ್ಧನ ಫೋಟೋದ ಕೆಳಗೆ ಒರಗಿದರು. ಪಾರ್ವತೆಮ್ಮ ಓಆರ್‌ಎಸ್ ಕಲಸಿ ಸ್ಟೀಲ್ ಲೋಟ ಹಿಡಿದಳು. ಅವರು ಲೋಟ ನೋಡಿದರು, ಅವಳನ್ನು ನೋಡಿದರು.

"ಇದು ಕ್ಯಾನಿನ ನೀರು, ಕಾಸಿ ಆರಿಸೀನಿ" ಎಂದಳು ಅವಳು. ಅವರು ಕೇಳಲಿದ್ದದ್ದು ಅದನ್ನೇ ಎಂಬಂತೆ.

ಅವರು ಕಣ್ಣು ಮುಚ್ಚಿ ಕುಡಿದರು.

ಚನ್ನು ಫೋನು ಮಾಡಿದ್ದಕ್ಕೆ ಬಸವಂತರಾಯರ ಹೆಂಡತಿ ಸಂಗಮ್ಮ ಆಟೋ ಹಿಡಿದು ಬಂದರು. ಹೊಸ್ತಿಲ ಆಚೆಯಿಂದಲೇ ಶುರುಮಾಡಿದರು. "ಬ್ಯಾಡ ಅಂದ ನೀರು ಕುಡದೀ ಅಂತಲ್ಲ! ಮನ್ಯಾಗ ಸಾರಿಗೆ ಉಪ್ಪು ಹೆಚ್ಚಾದ್ರ ತಾಟು ಸರಿಸಾವ, ಇಲ್ಲಿ ಬಂದು ಊರ ಗಟಾರ ಕುಡದು ಮಲಗೀಯಲ್ಲ!" ಎನ್ನುತ್ತ ಒಳಗೆ ಬಂದು, ಪಾರ್ವತೆಮ್ಮನ ಪಕ್ಕ ಚಾಪೆಯ ಮೇಲೆ ಕೂತು, "ಅಕ್ಕಾ, ನನಗೊಂದಿಷ್ಟು ಚಹಾ ಮಾಡವಾ" ಎಂದರು.

ಪಾರ್ವತೆಮ್ಮ ಎದ್ದು ಒಲೆಯ ಕಡೆ ಹೋದಳು. ಸಕ್ಕರೆ ಡಬ್ಬಿ ಎಲ್ಲಿದೆಯೆಂದು ಅವಳಿಗೆ ತಟ್ಟನೆ ನೆನಪಾಗಲಿಲ್ಲ.

ಚಹಾ ಆಗುವಷ್ಟರಲ್ಲಿ ಬಸವಂತರಾಯರ ಕಣ್ಣು ಗುಳಿಬಿದ್ದವು. ಕೈಯ ಚರ್ಮ ಚಿವುಟಿ ನೋಡಿದ ಪಾರ್ವತೆಮ್ಮ, "ಇನ್ನ ತಡ ಮಾಡಂಗಿಲ್ಲ. ಮಸ್ಕಿ ದವಾಖಾನಿಗೆ ಒಯ್ಯಬೇಕು, ಸಲೈನ್ ಹಚ್ಚಬೇಕು" ಎಂದಳು. ಆಟೋದವನು ಹೊರಟುಹೋಗಿದ್ದ. ಉಳಿದದ್ದು ಟ್ರ್ಯಾಕ್ಟರ್ ಒಂದೇ, ಟ್ರ್ಯಾಲಿಯ ತುಂಬ ಮಣ್ಣು. ಇಳಿಸುತ್ತ ಕೂರುವಷ್ಟು ಪುರುಸೊತ್ತಿರಲಿಲ್ಲ. ಮಣ್ಣಿನ ಮೇಲೆ ಹಾಸಿಗೆ ಹಾಸಿ ಅವರನ್ನು ಮಲಗಿಸಿದರು. ಬಿಸಿಲಿಗೆ ಅಡ್ಡವಾಗಿ ಆಳುಗಳು ಆ ಫ್ಲೆಕ್ಸನ್ನೇ ಕಿತ್ತು ಹಿಡಿದರು. ಪಾರ್ವತೆಮ್ಮ ಓಆರ್‌ಎಸ್ ಚೆಂಬು ಹಿಡಿದು ಒಂದು ಬದಿ, ಸಂಗಮ್ಮ ಇನ್ನೊಂದು ಬದಿ. ಗದ್ದೆಪ್ಪ ಹಿಂದೆ ನಿಂತು ಸೀಟಿ ಊದಿ, "ರೈಟ್!" ಎಂದ.

ಮಸ್ಕಿಯ ಬಜಾರಿನಲ್ಲಿ ಕೈಮುಗಿದ ಮುಂದಾಳಿನ ಫ್ಲೆಕ್ಸು ಟ್ರ್ಯಾಕ್ಟರ್ ಮೇಲೆ ಬರುವುದನ್ನು ನೋಡಿದ ಜನ ಎಲೆಕ್ಷನ್ ಬಂತೆಂದು ದಾರಿ ಬಿಟ್ಟರು. ತಗ್ಗು ಬಂದಾಗಲೆಲ್ಲ ಟ್ರ್ಯಾಲಿಯಿಂದ ಒಂಟಿ ಚಪ್ಪಲಿಗಳು ಒಂದೊಂದೇ ಉದುರಿ ತಮ್ಮ ಊರು ಸೇರಿಕೊಂಡವು. ನಗುವುದೋ ಅಳುವುದೋ ತಿಳಿಯದೆ ಪಾರ್ವತೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನೋಡಿದರೆ ಸಂಗಮ್ಮನದೂ ಅದೇ ಪಾಡು.

ಸಲೈನ್ ಹತ್ತಿದ ಮೇಲೆ ಬಸವಂತರಾಯರು ಚೇತರಿಸಿಕೊಂಡರು. ಮನೆಗೆ ಬಂದು ಗಂಜಿ ಕುಡಿಯುತ್ತಲೇ ಹೊಸ ಲೆಕ್ಕ ತೆಗೆದರು. ಮಣ್ಣು ತಮ್ಮದು, ನೆಲ ಗದ್ದೆಪ್ಪನದು, ಬೆಳೆ ಅರ್ಧರ್ಧವಾಗಲಿ ಎಂದು ಹೇಳಿಕಳಿಸಿದರು. ಆ ಮಾತು ಬದು ದಾಟುವ ಮೊದಲೇ ಸಂಗಮ್ಮ ತಡೆದರು.

"ಹೋದ ಮಣ್ಣಿನ ಮಾತು ಬಿಡು. ಉಳಿದ ಕಲ್ಲಿನಾಗ ಏನು ಬೆಳೀತದ ಅದನ್ನ ಕೇಳು. ಊರಾಗ ಅದು ಗೊತ್ತಿರಾವ ಅಂವ ಒಬ್ಬನ."

ಬಸವಂತರಾಯರು ಬರಲು ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ಮೋಟರು ಬಂದಿತ್ತು. ಬಾವಿಯ ನೀರೆಲ್ಲ ಎತ್ತಿ, ಅಡಿಯ ಕೆಸರು ತೆಗೆಸಿ, ಹೊಸ ನೀರು ಊರಿದ ಮೇಲೆ ಪಾರ್ವತೆಮ್ಮ ಬ್ಲೀಚಿಂಗ್ ಪುಡಿ ಕದಡಿ ಹಾಕಿದ್ದಳು. ಗದ್ದೆಪ್ಪ ಇನ್ನೂ ಪ್ಲಾಸ್ಟಿಕ್ ಆರಿಸುತ್ತಲೇ ಇದ್ದ. ಮೊದಲು ಕಲ್ಲು, ಈಗ ಇದು. ಅವನ ಡ್ಯೂಟಿಯೇನೂ ಕಡಿಮೆಯಾಗಿರಲಿಲ್ಲ.

ಬಸವಂತರಾಯರು ಬದುವಿನ ಮೇಲೆ ಬೈಕು ನಿಲ್ಲಿಸಿ ಸುಮಾರು ಹೊತ್ತು ಕೆಮ್ಮಿದರು.

"ಗದ್ದೆಪ್ಪ... ಆ ಕಲ್ಲಿನಾಗ ನೀ ಏನು ಹಾಕ್ತಿದ್ದಿ?"

"ಹುರುಳಿ ಬರ್ತದ್ರಿ. ಔಡಲ ಬರ್ತದ. ಮೊದ್ಲು ಕಲ್ಲು ಆರಿಸ್ಬೇಕು." ಗದ್ದೆಪ್ಪ ಬೆನ್ನು ನೆಟ್ಟಗೆ ಮಾಡಿ ನಿಂತ. "ನಾ ಬಂದು ತೋರಿಸ್ತೀನಿ ಬಿಡ್ರಿ. ಕಲ್ಲು ಛಲೋ ಬೆಳದಾವಂತ ಕೇಳೀನಿ."

ಬಸವಂತರಾಯರು ಸಿಟ್ಟಾಗಲು ಹೋಗಿ, ಆಗದೆ, ಮೀಸೆಯೊಳಗೇ ನಕ್ಕರು. "ಬರೋ ವರ್ಷ ಹಳ್ಳ ಬಂದ್ರ ನನ್ನ ಮಣ್ಣು ನನಗ ತಿರುಗಿ ಬರ್ತದ ಬಿಡು."

"ಹಳ್ಳ ರಿವರ್ಸ್ ಬರಂಗಿಲ್ರಿ ಸಾವ್ಕಾರ್ರ. ಮತ್ತ ಬಂದ್ರ ಮಣ್ಣು ಇಲ್ಲಿಂದೆದ್ದು ಮುಂದ ಬಳಗಾನೂರಿನವರ ಹೊಲಕ್ಕ ಹೋಗ್ತದ. ಆವಾಗ ಇಬ್ರೂ ಕೂಡೇ ಕೇಳಾಕ ಹೋಗೂಣು."

ಪಾರ್ವತೆಮ್ಮ ಬಾಗಿಲಿಗೆ ಬಂದಳು. ಬಸವಂತರಾಯರು ಬಾವಿಯ ಕಡೆ ನೋಡಿ, ದನಿ ತಗ್ಗಿಸಿ, "ನರ್ಸಮ್ಮ, ಈಗರ ಕುಡಿಬಹುದೇನು?" ಎಂದು ಕೇಳಿದರು.

"ಔಷಧದ ವಾಸನಿ ಇನ್ನ ಹೋಗಿಲ್ರಿ. ಒಳಗ ಬರ್ರಿ, ಕಾಸಿದ್ದು ಕೊಡ್ತೀನಿ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು.